ಒಳಮನೆಗೆ ಬರಲು ಹೊರಟ ಟಪಾಲಿನವ

ನಮ್ಮೂರಲ್ಲಿ ಫೋನ್ ಮಾಡಬೇಕೆಂದರೆ ಗುಡ್ಡ ಹತ್ತಬೇಕು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೊರಟ ಸಿಗ್ನಲ್ಲು ನಮ್ಮೂರಿನ ತಿರುವಿಗೆ ಬಂದದ್ದೇ ಇಳಿದು, ವಾಪಸ್ ಬಸ್ಸು ಹತ್ತಿಬಿಡುತ್ತದೆ. ಹಾಗಾಗಿ ಸಂಜೆ ನಾಲ್ಕಾದರೆ ಅರ್ಧ ಊರು ಗುಡ್ಡದ ನೆತ್ತಿಯ ಗೇರುಮರದ ಕೆಳಗೆ ಕೈ ಮೇಲೆತ್ತಿಕೊಂಡು ನಿಂತಿರುತ್ತದೆ. ಹೊಸಬರು ಯಾರಾದರೂ ನೋಡಿದರೆ ಹರಕೆ ತೀರಿಸುತ್ತಿದ್ದಾರೆ ಅಂದುಕೊಳ್ಳಬೇಕು.

ಮೊನ್ನೆ ಅಲ್ಲಿ ನನ್ನ ಅಕ್ಕನ ಮಗ ಸಿಕ್ಕ. ಬೆಂಗಳೂರಿನ ಆಫೀಸನ್ನೇ ಗೇರುಮರಕ್ಕೆ ವರ್ಗ ಮಾಡಿಸಿಕೊಂಡವ. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡೆ, ಮಡಿಲಲ್ಲಿ ಲ್ಯಾಪ್‌ಟಾಪ್. ಫೈಲು ಅಪ್‌ಲೋಡ್ ಆಗುವ ತನಕ ಹೊತ್ತು ಹೋಗಬೇಕಲ್ಲ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅಂದರೆ ಕರ್ನಲ್ಲು, ಅದರ ಒಂದು ಹಳೇ ಜಗಳದ ಕಥೆ ತೆಗೆದ. ಸಂದೇಶ ತಲುಪಿಸುವುದು ತಡವಾಗುತ್ತದೆ ಅಂತ ಶುರುವಾದ ಜಗಳವಂತೆ.

"ಎಲ್ಲಿಂದ ಎಲ್ಲಿಗೆ ಮಾರಾಯಾ? ಅಮೆರಿಕದಿಂದ ಇಲ್ಲಿಗಾ?"

"ಅಲ್ಲ ಮಾವ. ಒಂದೇ ಕಂಪ್ಯೂಟರಿನೊಳಗೆ, ಈ ಪ್ರೋಗ್ರಾಮಿನಿಂದ ಆ ಪ್ರೋಗ್ರಾಮಿಗೆ."

ನಾನು ಎತ್ತಿದ ಕೈ ಇಳಿಸಿದೆ.

ಅವನು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಕರ್ನಲ್ ಅಂದರೆ ಒಳಮನೆ. ಒಲೆ, ಕಣಜ, ಬೀಗದಕೈ ಎಲ್ಲ ಅಲ್ಲೇ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಕಟ್ಟಲು ಹಿಡಿದ ಮನೆ, ಇವತ್ತಿಗೂ ಯಜಮಾನಿಕೆ ಅವರದೇ. ಉಳಿದ ಪ್ರೋಗ್ರಾಮುಗಳೆಲ್ಲ ಜಗಲಿಯ ನೆಂಟರು. ಪೆನ್‌ಡ್ರೈವ್ ಸಿಕ್ಕಿಸಿದರು, ವೈಫೈ ಹೋಯಿತು ಎಂದು ನೆಂಟರು ಪರಸ್ಪರ ಸುದ್ದಿ ಹೇಳಿಕೊಳ್ಳಲು ಜಗಲಿಯಲ್ಲೇ ಒಬ್ಬ ಟಪಾಲಿನವನನ್ನು ಇಟ್ಟುಕೊಂಡಿದ್ದಾರೆ. ಅವನ ಹೆಸರು ಡಿ-ಬಸ್. ಇವನು ನಿಧಾನ ಎಂಬುದೇ ದೂರು. ಒಂದು ಪ್ರಶ್ನೆ ಹೋಗಿ ಉತ್ತರ ಬರುವುದರೊಳಗೆ ಕಾಗದ ಹತ್ತು ಸಲ ನಕಲಾಗುತ್ತದೆ, ನಾಲ್ಕು ಸಲ ತಪಾಸಣೆಯಾಗುತ್ತದೆ ಎಂದು ದೂರು ಕೊಟ್ಟವರು ಲೆಕ್ಕ ಹಾಕಿದ್ದರು.

"ಹತ್ತು ಕಾಪಿ, ನಾಲ್ಕು ತಪಾಸಣೆ! ಘೋರ ಅಲ್ವಾ ಮಾವ?"

ಇಷ್ಟೇನಾ ಅನ್ನಿಸಿತು ನನಗೆ. ಅಪ್ಪಯ್ಯ ತೀರಿಕೊಂಡ ಮೇಲೆ ಪೌತಿ ಖಾತೆಗೆಂದು ಒಂದು ಕಚೇರಿಗೆ ಅಲೆದವನು ನಾನು. ಮೊದಲ ಮೇಜಿನವರು ಆಧಾರ್ ಕಾರ್ಡಿನ ಜೆರಾಕ್ಸನ್ನೂ ನನ್ನ ಮುಖವನ್ನೂ ನೋಡಿ ಸೀಲು ಒತ್ತಿದರು. ಎರಡನೆಯವರು ಸೀಲು ನೋಡಿ, ಮತ್ತೆ ಮುಖ ನೋಡಿ, ಇನ್ನೊಂದು ಜೆರಾಕ್ಸ್ ತರಲು ಹೇಳಿದರು. ಮೂರನೆಯವರು ಎರಡನೆಯವರ ಸೀಲು ಮಾಸಿದೆ ಎಂದು ಮೊದಲನೆಯವರಲ್ಲಿಗೆ ಕಳಿಸಿದರು. ನಾಲ್ಕನೆಯವರು ಊಟಕ್ಕೆ ಹೋಗಿದ್ದರು. ಊಟ ಮೂರು ದಿನ ನಡೆಯಿತು. ಎದುರಿನ ಜೆರಾಕ್ಸ್ ಅಂಗಡಿಯವ ಮಗಳ ಮದುವೆಗೆ ನನ್ನನ್ನು ಮನೆಯವನ ಹಾಗೆ ಕರೆದ. ಆ ಟಪಾಲಿನವ ನಮ್ಮ ಕಚೇರಿಯಲ್ಲಿದ್ದಿದ್ದರೆ ಗಣರಾಜ್ಯೋತ್ಸವಕ್ಕೆ ಶಾಲು ಹೊದಿಸುತ್ತಿದ್ದರು.

ಹೋಗಲಿ, ನಿಧಾನಕ್ಕೆ ಪರಿಹಾರವೇನು ಅಂದರೆ, ಟಪಾಲಿನವನನ್ನು ಒಳಮನೆಗೇ ಕರೆದುಕೊಳ್ಳುವುದು! 2012ರಲ್ಲಿ ನೆಟ್‌ವರ್ಕಿಂಗ್ ಬಾಗಿಲಿನಿಂದ ಅವನನ್ನು ನುಗ್ಗಿಸಲು ನೋಡಿದರು. ಆ ಬಾಗಿಲು ಕಾಯುತ್ತಿದ್ದ ಡೇವಿಡ್ ಮಿಲ್ಲರ್ ಹಿಂದಕ್ಕಟ್ಟಿದರು. 2014ರ ಅಕ್ಟೋಬರಿನಲ್ಲಿ ಕೆಡಿಬಸ್ ಎಂಬ ಹೊಸ ಅಂಗಿ ತೊಟ್ಟು ಬಂದ. 2015ರ ಏಪ್ರಿಲಿನಲ್ಲಿ, ಕರ್ನಲ್ಲಿನ 4.1ನೇ ಆವೃತ್ತಿಗೆ ಇವನನ್ನು ಸೇರಿಸಿಕೊಳ್ಳಿ ಎಂದು ಕೈಹಿಡಿದು ಕರೆತಂದವರು ಗ್ರೆಗ್ ಕ್ರೋ-ಹಾರ್ಟ್‌ಮನ್. ದಾರಿಹೋಕರಲ್ಲ, ಆ ಮನೆಯ ಹಿರೀ ಮಗನಂಥವರು.

ಶುರುವಾಯಿತು ನೋಡಿ. ಇವನು ಕಾಗದದ ಜೊತೆ ಕಳಿಸಿದವನ ಅಧಿಕಾರದ ಚೀಟಿಯನ್ನೂ ಒಯ್ಯುತ್ತಾನೆ, ಆ ಚೀಟಿ ನಂಬಿ ಯಾರೋ ಕಣಜದ ಬಾಗಿಲು ತೆಗೆದರೆ ಏನು ಗತಿ ಎಂದು ಆ ಮನೆಯ ಕೆಲಸದವರಲ್ಲೇ ಒಬ್ಬರಾದ ಆಂಡಿ ಲುಟೊಮಿರ್ಸ್ಕಿ ಪಟ್ಟು ಹಿಡಿದರು. ಇದು ಒಪ್ಪುವ ಮಾತೇ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಹೊರಗಿನವರು ನೆಚ್ಚಿಕೊಂಡ ಸೌಕರ್ಯವನ್ನು ಮುರಿಯಬಾರದು ಎಂಬುದು ಆ ಮನೆಯ ಕಟ್ಟಳೆ. ಅಂದರೆ ಒಮ್ಮೆ ಒಳಗೆ ಬಂದವನನ್ನು ಮತ್ತೆ ಹೊರಗೆ ಹಾಕುವಂತಿಲ್ಲ. ನಮ್ಮ ಕಡೆ ಮನೆ ಅಳಿಯಂದಿರಿಗೂ ಇದೇ ಕಟ್ಟಳೆ.

ತಮಾಷೆ ಕೇಳಿ. ಆಂಡ್ರಾಯ್ಡ್ ಫೋನುಗಳಲ್ಲಿ ಬೈಂಡರ್ ಎಂಬ ಇನ್ನೊಬ್ಬ ಟಪಾಲಿನವ ಇದ್ದಾನೆ. ಅವನು ಮೊದಲಿಂದಲೂ ಒಳಮನೆಯವನೇ. ಸ್ಟೇಜಿಂಗ್ ಎಂಬ ಕೊಟ್ಟಿಗೆಯಲ್ಲಿ ಮಲಗುತ್ತಿದ್ದವನನ್ನು, ಈ ರಗಳೆಗೆ ಎರಡೇ ತಿಂಗಳ ಹಿಂದೆ ಬಂದ 3.19ನೇ ಆವೃತ್ತಿಯಲ್ಲಿ ಮಣೆ ಹಾಕಿ ಕೂರಿಸಿದ್ದರು. ಒಬ್ಬ ಕಣಜದ ಪಕ್ಕ ಗೊರಕೆ ಹೊಡೆಯುತ್ತಿರುವಾಗ, ಇನ್ನೊಬ್ಬ ಹೊಸಿಲು ದಾಟಬಹುದೋ ಬಾರದೋ ಎಂದು ಇಡೀ ಮನೆ ನ್ಯಾಯಕ್ಕೆ ಕೂತಿತ್ತು.

ಗುಡ್ಡದ ಮೇಲೂ ಎರಡು ಪಂಗಡವಾಯಿತು. ಡೈರಿಗೆ ಹಾಲು ಹಾಕುವವರು ಒಳಗೆ ಬರಲಿ ಅಂದರು, ಸೊಸೈಟಿಯಲ್ಲಿ ಸಾಲ ಇದ್ದವರು ಬೇಡ ಅಂದರು. ಯಾಕೆ ಅಂತ ನನ್ನನ್ನು ಕೇಳಬೇಡಿ.

ಕೊನೆಗೆ ಯಜಮಾನರೇ ಅಳೆದು ನೋಡಿದರಂತೆ. ತಡವಾಗುತ್ತಿದ್ದದ್ದು ಒಳಮನೆಯ ದೂರದಿಂದ ಅಲ್ಲವೇ ಅಲ್ಲ, ಜಗಲಿಯ ಪ್ರೋಗ್ರಾಮನ್ನೇ ಕೆಟ್ಟದಾಗಿ ಬರೆದಿದ್ದಾರೆ ಎಂದರು ಲಿನಸ್. ಅಂದರೆ ಟಪಾಲಿನವ ಮನೆಮನೆಯಲ್ಲೂ ಕೂತು ಕವಳ ಹಾಕುತ್ತಿದ್ದ! ಇಷ್ಟು ವರ್ಷ ಜನ ದಾರಿಯನ್ನು ಅಳೆದರೇ ಹೊರತು ಅವನ ಬಾಯಿ ನೋಡಿರಲಿಲ್ಲ. 2015 ಮುಗಿಯುವ ಹೊತ್ತಿಗೆ ಕೆಡಿಬಸ್ ಅನ್ನು ಅದರ ಕಡೆಯವರೇ ಹಿಂತೆಗೆದುಕೊಂಡರು. ಮರುವರ್ಷ ಬಸ್1 ಎಂದು ಇನ್ನೊಂದು ಬಂತು, ಅದೂ ಹೊಸಿಲು ದಾಟಲಿಲ್ಲ. 2017ರಲ್ಲಿ ಯಾರೋ ಪುಣ್ಯಾತ್ಮರು ಜಗಲಿಗೇ ಬೇರೆ ಆಳನ್ನು ತಂದರು, ಹೆಸರು ಡಿಬಸ್-ಬ್ರೋಕರ್. ಚುರುಕಿನವ, ಕವಳದ ಚಟವಿಲ್ಲ. 2019ರಲ್ಲಿ ಫೆಡೋರಾ 30 ಎಂಬ ಲಿನಕ್ಸ್ ಆವೃತ್ತಿ ಅವನನ್ನೇ ಕಾಯಂ ಮಾಡಿಕೊಂಡಿತು. ಒಳಮನೆಯ ಒಂದು ಹಂಚೂ ಅಲುಗಲಿಲ್ಲ.

ಕಥೆ ಮುಗಿದಾಗ ಆಗುಂಬೆ ದಿಕ್ಕಿನಲ್ಲಿ ಮೋಡ ಕಪ್ಪಾಗಿತ್ತು. ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗಲು ಹಾಕಿದ್ದು ನೆನಪಾಗಿ ಎದೆ ಧಸಕ್ಕೆಂದಿತು. ಎರಡು ಕಡ್ಡಿ ಸಿಗ್ನಲ್ಲಿತ್ತು. ಮನೆಯವಳಿಗೆ ತಕ್ಷಣ ವಾಟ್ಸಾಪ್ ಮಾಡಿ, ಬಲು ಚುರುಕಾದೆನೆಂದು ಬೀಗುತ್ತಾ ನಿಧಾನಕ್ಕೆ ಗುಡ್ಡ ಇಳಿದೆ. ಅವಳ ಫೋನಿರುವುದು ಮನೆಯಲ್ಲಿ, ಮನೆಯಲ್ಲಿ ಸಿಗ್ನಲ್ಲಿಲ್ಲ ಎಂಬುದು ಹೊಳೆದದ್ದು ನೆನೆದ ಅಡಿಕೆಯ ಮುಂದೆ ನಿಂತಾಗ.

ಮಾರನೇ ದಿನ ತವರಿಗೆ ಫೋನ್ ಮಾಡಲು ಅವಳು ಗುಡ್ಡ ಹತ್ತಿದಳು. ಗೇರುಮರದ ಬುಡಕ್ಕೆ ಮುಟ್ಟಿದ್ದೇ ಫೋನು ಟಿಣ್ ಅಂದಿತಂತೆ. ಮನೆಗೆ ಬಂದವಳೇ, ಒದ್ದೆ ಅಡಿಕೆ ಹರವುತ್ತಿದ್ದ ನನ್ನೆದುರು ನಿಂತು, ಅಕ್ಷರ ಬಿಡದೆ ಓದಿ ಹೇಳಿದಳು: "ಮಳೆ ಬರ್ತಿದೆ. ಬೇಗ ಅಡಿಕೆ ಒಳಗೆ ಹಾಕು."