‘ಮುಂದುವರಿಯುವುದು’ ಅಂದಿದ್ರಲ್ಲ?

ನಾನು ಓದುತ್ತಿರುವ ಕಾದಂಬರಿ ಸರಣಿಯ ಮೂರನೇ ಭಾಗದ ಕೊನೆಯ ಪುಟ. ನಾಯಕಿ ಬಾಗಿಲು ತೆಗೆಯುತ್ತಾಳೆ, ಹೊರಗೆ ನಿಂತವರನ್ನು ನೋಡಿ ‘ನೀನಾ?’ ಅನ್ನುತ್ತಾಳೆ. ಕೆಳಗೆ ‘ಮುಂದುವರಿಯುವುದು’. ಒಂಬತ್ತು ವರ್ಷವಾಯಿತು. ಪಾಪ, ಅವಳ ಕೈ ಇನ್ನೂ ಚಿಲಕದ ಮೇಲೇ ಇದೆ.

ಚಾರ್ಲ್ಸ್ ಡಿಕನ್ಸ್ 1870ರಲ್ಲಿ ತೀರಿಕೊಂಡಾಗ ಕೊನೆಯ ಕಾದಂಬರಿಯ 12 ಕಂತುಗಳಲ್ಲಿ ಬರೆದಿದ್ದು ಅರ್ಧ ಮಾತ್ರ. ಸರಿ, ಸತ್ತವರನ್ನು ಏನು ಕೇಳೋದು? ಆದರೆ ನನ್ನ ಲೇಖಕರು ಗಟ್ಟಿಮುಟ್ಟಾಗಿದ್ದಾರೆ. ನಡುವೆ ಎರಡು ಹೊಸ ಸರಣಿ ಬೇರೆ ಶುರು ಮಾಡಿದ್ದಾರೆ! ಬರೆಯಲು ಆಗದಿದ್ದರೆ ಬಿಡಿ, ಬಲವಂತವೇನಿಲ್ಲ. ‘ಇನ್ನು ಬರೆಯುವುದಿಲ್ಲ’ ಅಂತ ಒಂದು ಸಾಲು ಹೇಳಬಹುದಿತ್ತು ಅಲ್ವಾ? ಪ್ರತಿ ವರ್ಷ ಸುಮ್ನೆ ‘ಬರ್ತಾ ಇದೆ’ ಅನ್ನುವುದು ಯಾಕೆ? ನಾನೋ, ಕಥೆ ಮರೆತುಹೋಗುತ್ತದೆ ಅಂತ ಮೂರೂ ಭಾಗಗಳನ್ನು ನಾಲ್ಕು ಸಲ ಓದಿದ್ದೇನೆ.

ಬಾಗಿಲ ಹೊರಗೆ ನಿಂತಿರುವುದು ಅವಳ ಅಣ್ಣನೇ. ಪಕ್ಕಾ.