ಸುತ್ತಿಗೆ ಕದ್ದವರ ಶಿಸ್ತು

ಒಂದು ಲೋಟ ಕಾಫಿಗೆ ಕರೆಯಬೇಕಾದರೂ ಡೈರಿ ಬಿಡಿಸಿ ಮುಂದಿನ ತಿಂಗಳ ದಿನ ಗೊತ್ತುಮಾಡುವ ಡಚ್ಚರು, ಸೂಟು ತೊಟ್ಟು ಪರರ ಸಂಘಕ್ಕೆ ಹೋಗಿ ಕಳ್ಳತನ ಮಾಡುತ್ತಾರೆಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಓದುತ್ತಿದ್ದಾಗ ನಮ್ಮ ವಿಭಾಗದ ವಿದ್ಯಾರ್ಥಿ ಸಂಘದಲ್ಲಿ ನಡೆದದ್ದಕ್ಕೆ ನಾನೇ ಸಾಕ್ಷಿ.

1848ರಲ್ಲೇ ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡ ಊರು ಅದು. ಅಲ್ಲಿ ಆಡಳಿತ ಮಂಡಳಿ ಸೇರುವುದು ಹುಡುಗಾಟವಲ್ಲ. ಎಷ್ಟೋ ಮಂದಿ ಇಡೀ ಒಂದು ವರ್ಷ ಓದನ್ನು ಬದಿಗಿಟ್ಟು ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ದುಡಿಯುತ್ತಾರೆ. ಫೋನಿನಲ್ಲಿ ಇದನ್ನು ಕೇಳಿದ ಅಪ್ಪ, “ನೀನು ಮಾತ್ರ ಆ ಸಮಾಜಸೇವೆಗೆ ಇಳಿಯಬೇಡಪ್ಪ” ಎಂದು ಕೈಮುಗಿದರು.

ಹೊಸ ಮಂಡಳಿ ಅಧಿಕಾರ ವಹಿಸಿಕೊಂಡ ಮೇಲೆ ಒಂದು ಸತ್ಕಾರಕೂಟ ನಡೆಯುತ್ತದೆ. ಅದರ ಉದ್ದನೆಯ ಹೆಸರನ್ನು ಮೊಟಕುಗೊಳಿಸಿ ಎಲ್ಲರೂ ‘ಕೋಬೋ’ ಎನ್ನುತ್ತಾರೆ. ಮಂಡಳಿಯವರು ಸಾಲಾಗಿ ನಿಲ್ಲುತ್ತಾರೆ. ಬೇರೆ ಸಂಘಗಳ ಮಂಡಳಿಗಳು, ಅವೂ ಸೂಟಿನಲ್ಲೇ, ಸರದಿಯಲ್ಲಿ ಬಂದು ಕೈಕುಲುಕಿ, ಉಡುಗೊರೆ ಕೊಟ್ಟು, ಅತಿಥಿ ಪುಸ್ತಕದಲ್ಲಿ ಏನಾದರೊಂದು ಗೀಚಿ ಬಿಯರಿನತ್ತ ಸರಿಯುತ್ತವೆ. ನಮ್ಮ ಆರತಕ್ಷತೆಗಳಲ್ಲಿ ಮಧುಮಕ್ಕಳ ಮುಖಕ್ಕೆ ರಾತ್ರಿ ಹತ್ತರ ಹೊತ್ತಿಗೆ ಅಂಟಿಕೊಳ್ಳುವ ನಗು ಇವರ ಮುಖದಲ್ಲಿ ಏಳಕ್ಕೇ ಕಾಣಿಸಿಕೊಂಡಿತ್ತು. ತಟ್ಟೆಗಳಲ್ಲಿ ‘ಬಿಟರ್‌ಬಾಲನ್’ ಓಡಾಡುತ್ತಿತ್ತು: ಹೊರಗೆ ಗರಿಗರಿ, ಒಳಗೆ ಕುದಿಯುವ ಮಾಂಸದ ಹೂರಣ. ಸಸ್ಯಾಹಾರಿಯಾದ ನಾನು ಚೀಸ್ ತುಂಡುಗಳನ್ನು ಸಾಸಿವೆಯಲ್ಲಿ ಅದ್ದುತ್ತ ಮೂಲೆ ಹಿಡಿದಿದ್ದರಿಂದ, ಬಾಯಿ ಸುಟ್ಟುಕೊಂಡು ಛಾವಣಿ ನೋಡುತ್ತಿದ್ದವರಿಗೆ ಕಾಣದ್ದು ನನಗೆ ಕಂಡಿತು.

ಕೋಬೋದಲ್ಲಿ ಆತಿಥೇಯರ ವಸ್ತುಗಳನ್ನು ಲಪಟಾಯಿಸುವ ಹಕ್ಕು ಅತಿಥಿಗಳಿಗೆ ಉಂಟು. ಅದಕ್ಕೆ ‘ಬ್ರಾಸನ್’ ಎಂದು ಹೆಸರು. ಕದ್ದದ್ದನ್ನು ಹಾಳುಮಾಡುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಆದರೆ ಹಿಂದಿರುಗಿಸಲು ಬಿಯರನ್ನೋ ಬೇರೇನನ್ನೋ ಕೇಳಬಹುದು. ಆ ರಾತ್ರಿ ನಾಲ್ವರು ಆಜಾನುಬಾಹುಗಳು ನಮ್ಮ ಸಂಘದ ಧ್ವಜವನ್ನು ಹೆಗಲೇರಿಸಿ, ಅಧ್ಯಕ್ಷರು ಮೇಜು ಕುಟ್ಟುವ ಮರದ ಸುತ್ತಿಗೆಯನ್ನು ಕೋಟಿನೊಳಗೆ ಸೇರಿಸಿಕೊಂಡು ಹೊರಟಾಗ, ಬಾಗಿಲು ತೆರೆದು ಹಿಡಿದು “ಜೋಪಾನ, ಮೆಟ್ಟಿಲಿದೆ” ಎಂದವನು ನಮ್ಮ ಖಜಾಂಚಿ. ಧ್ವಜ ಅವರದ್ದೇ ಎಂದುಕೊಂಡಿದ್ದನಂತೆ.

ಮರುದಿನ ಸುತ್ತಿಗೆಯ ಫೋಟೋದೊಂದಿಗೆ ವಿನಯಪೂರ್ವಕ ಇಮೇಲ್ ಬಂತು: ಒಂದು ಕ್ರೇಟ್ ಬಿಯರ್, ಜೊತೆಗೆ ಖಜಾಂಚಿಯವರಿಂದ ಒಂದು ಹಾಡು. ಎರಡೂ ಮಂಡಳಿಗಳ ಡೈರಿಗಳು ಹೊಂದಿಕೊಳ್ಳುವ ದಿನ ಸಿಗುವುದಕ್ಕೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ನಡೆದ ಸರ್ವಸದಸ್ಯರ ಸಭೆಯನ್ನು ಅಧ್ಯಕ್ಷೆ ಅಡುಗೆಮನೆಯ ಸೌಟಿನಿಂದ ಮೇಜು ಕುಟ್ಟಿ, ಗಾಂಭೀರ್ಯಕ್ಕೆ ಒಂದಿಷ್ಟೂ ಊನ ಬಾರದಂತೆ ನಡೆಸಿಕೊಟ್ಟಳು.

ನಿಜವಾದ ವಿಚಾರಣೆ ನಡೆದದ್ದು ಮುಂದಿನ ಸಭೆಯಲ್ಲಿ. ಲೆಕ್ಕ ತಪಾಸಣೆಗೆ ಸದಸ್ಯರಿಂದಲೇ ಆರಿಸಿದ ಸಮಿತಿಯೊಂದು ಅಲ್ಲಿರುತ್ತದೆ. ಅದರ ಹಿರಿಯ ಹುಡುಗ ಕನ್ನಡಕ ಸರಿಪಡಿಸಿಕೊಂಡು, ಕಳ್ಳರಿಗೆ ಬಿಯರ್ ಕೊಟ್ಟದ್ದಕ್ಕೆ ತನ್ನ ಆಕ್ಷೇಪವಿಲ್ಲವೆಂದೂ, ಖಾಲಿ ಕ್ರೇಟನ್ನು ಅಂಗಡಿಗೆ ಮರಳಿಸಿದರೆ ಸಿಗಬೇಕಾದ 3.90 ಯೂರೋ ಠೇವಣಿ ಯಾವ ಪುಟದಲ್ಲಿ ಜಮೆಯಾಗಿದೆಯೆಂದು ತಿಳಿಸಬೇಕೆಂದೂ ಕೇಳಿದ.