ನಾಲ್ಕು ಪೆಗ್ ಹಾಕಿ ಮರ ಹತ್ತುವ ಗರಗಸ

ಕೊಡಗಿನ ಕಾಫಿ ತೋಟದಲ್ಲಿ ಮರಕಪಾತಿಗೆ, ಅಂದರೆ ನೆರಳು ಮರದ ಕೊಂಬೆ ಸವರಲು ಒಯ್ಯುವ ಮಧ್ಯಮ ಗಾತ್ರದ ಚೈನ್ ಸಾ ಟ್ಯಾಂಕ್ ಹೆಚ್ಚುಕಡಿಮೆ ಅರ್ಧ ಲೀಟರ್ ಹಿಡಿಯುತ್ತದೆ. ಬಂಕಿನಲ್ಲಿ ಈಗ ಸಿಗುವುದು ಇ20, ಅಂದರೆ ನೂರರಲ್ಲಿ ಇಪ್ಪತ್ತು ಪಾಲು ಇಥೆನಾಲ್. ಅರ್ಧ ಲೀಟರಿಗೆ 100 ಮಿಲಿ ಅಪ್ಪಟ ಮದ್ಯಸಾರವಾಯಿತು. ವೈನ್ ಶಾಪಿನ ಬಾಟಲಿಯ ಮೇಲೆ ಶೇ. 42.8 ಎಂದು ಅಚ್ಚಾಗಿರುತ್ತದಲ್ಲ, ಆ ಹದಕ್ಕೆ ಇಳಿಸಿದರೆ ಸುಮಾರು 234 ಮಿಲಿ. 60ರ ಅಳತೆಯಲ್ಲಿ ನಾಲ್ಕು ಪೆಗ್ಗಿಗೆ ಚೂರು ಕಡಿಮೆ. ಬೆಳಗ್ಗೆ ಎಂಟಕ್ಕೇ ನಾಲ್ಕು ಪೆಗ್ ಏರಿಸಿ ಬಂದವನನ್ನು ಯಾವ ತೋಟದ ರೈಟರೂ ಸಿಲ್ವರ್ ಮರ ಹತ್ತಲು ಬಿಡುವುದಿಲ್ಲ. ಅವನ ಜೊತೆ ಹತ್ತುವ ಗರಗಸಕ್ಕೆ ಮಾತ್ರ ಸರ್ಕಾರವೇ ಸುರಿದು ಕಳಿಸುತ್ತಿದೆ. (ಲೆಕ್ಕ ಕೇಳಿ ಯಾರೂ ಆಸೆಪಡಬೇಕಿಲ್ಲ. ಬಂಕಿಗೆ ಬರುವ ಇಥೆನಾಲ್ ಕುಡಿಯಲಾಗದಂತೆ ಕೆಡಿಸಿದ ಮಾಲು.)

ಗಾಡಿ ಓಡಿಸುವವನ ರಕ್ತದಲ್ಲಿ 100 ಮಿಲಿಗೆ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆ ಹಿಡಿಯುತ್ತದೆ. ಗರಗಸದ ಹೊಟ್ಟೆಯಲ್ಲಿ ಅದೇ 100 ಮಿಲಿಗೆ ಸುಮಾರು 15,800 ಮಿಲಿಗ್ರಾಂ. ಮಿತಿಯ 500 ಪಟ್ಟು ದಾಟಿತು. ಆದರೂ ಅದು ತೂರಾಡಿ ನಿಂತ ದಿನ ಬೈಸಿಕೊಳ್ಳುವವನು ಗೋಣಿಕೊಪ್ಪದ ಮೆಕ್ಯಾನಿಕ್.

ಈ ಬೆರಕೆ ಶುರುವಾದದ್ದು 2003ರಲ್ಲಿ, ಶೇ. 5ರಿಂದ. ಶೇ. 10 ಮುಟ್ಟಿದ್ದು 2022ರ ಜೂನ್‌ನಲ್ಲಿ. ಶೇ. 20 ಆಗಲು 2030ರ ಗಡುವಿತ್ತು. ಅದನ್ನು 2025-26ಕ್ಕೆ ಹಿಂದಕ್ಕೆ ಎಳೆದರು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇ20 ಬಿಡುಗಡೆಯಾಯಿತು. ಎರಡೂವರೆ ವರ್ಷ ಕಳೆಯುವುದರೊಳಗೆ ಬಹುತೇಕ ಬಂಕುಗಳಲ್ಲಿ ಬೇರೆ ಏನೂ ಉಳಿಯಲಿಲ್ಲ. ದೇಶದಲ್ಲಿ ಗಡುವಿಗೆ ಮುಂಚೆ ಮುಗಿಯುವ ಕಾಮಗಾರಿ ಎಷ್ಟಿವೆ ಹೇಳಿ? ಭಾಗಮಂಡಲದ ಕಡೆಯ ರಸ್ತೆಗಳಿಗೂ ಇದೇ ಅವಸರ ಬಂದಿದ್ದರೆ ನಾವು ಇಷ್ಟು ಹೊತ್ತಿಗೆ ದುಬೈ ಆಗಿರುತ್ತಿದ್ದೆವು.

ನೀತಿ ಆಯೋಗದ 2021ರ ವರದಿ ಮೈಲೇಜಿನ ಕತೆಯನ್ನು ಪ್ರಾಮಾಣಿಕವಾಗಿಯೇ ಹೇಳಿತ್ತು. ಇ10ಕ್ಕೆ ಹದ ಮಾಡಿದ ಹಳೆಯ ನಾಲ್ಕು ಚಕ್ರದ ಗಾಡಿಗೆ ಶೇ. 6ರಿಂದ 7 ಇಳಿಕೆ, ಎರಡು ಚಕ್ರದ್ದಕ್ಕೆ ಶೇ. 3ರಿಂದ 4. ಹಳೆಯ ಗಾಡಿಗಳ ರಕ್ಷಣೆಗೆ ಇ10 ಕೂಡ ಬಂಕಿನಲ್ಲಿರಲಿ ಎಂದೂ ಬರೆದಿತ್ತು. ಆ ಸಾಲನ್ನು ಓದುವಾಗ ಕರೆಂಟ್ ಹೋಗಿತ್ತೇನೋ. ಚಕ್ರವೇ ಇಲ್ಲದ್ದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗರಗಸ, ಕಳೆ ಹೊಡೆಯುವ ಮಿಷನ್, ಬೆನ್ನಿಗೆ ಹೊರುವ ಸ್ಪ್ರೇಯರ್, ಹೊಳೆಬದಿಯ ನೀರೆತ್ತುವ ಪಂಪು ಇವಕ್ಕೆಲ್ಲ ಆರ್‌ಸಿ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಆದ್ದರಿಂದ ಅವು ಇಲ್ಲ.

2025ರ ಆಗಸ್ಟ್‌ನಲ್ಲಿ ಗಲಾಟೆ ಎದ್ದಾಗ ಪೆಟ್ರೋಲಿಯಂ ಸಚಿವಾಲಯ ಸಮಾಧಾನ ಹೇಳಿತು: ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಖರ್ಚು ಕಡಿಮೆ. ಗರಗಸಕ್ಕೆ ಮೀಟರ್ ಇಲ್ಲದಿದ್ದರೂ ಲೆಕ್ಕ ಹಾಕಲು ಬರುತ್ತದೆ. ಪೂರ್ತಿ ಥ್ರಾಟಲಿನಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ, ಗಂಟೆಗೆ 72 ಕಿಲೋಮೀಟರ್. 20,000 ಆಗಲು 278 ಗಂಟೆ. ದಿನಕ್ಕೆ ನಾಲ್ಕು ಗಂಟೆ ಕುಯ್ದರೆ 70 ದಿನ. ಕಳೆ ಮಿಷನ್ನಿನ ಹತ್ತಿಂಚು ಬ್ಲೇಡಿನ ತುದಿ 7,000 ಸುತ್ತಿನಲ್ಲಿ ಗಂಟೆಗೆ 330 ಕಿಲೋಮೀಟರ್ ದಾಟುತ್ತದೆ. ಅದರ 20,000 ಮುಗಿಯಲು 60 ಗಂಟೆ, ದಿನಕ್ಕೆ ಎಂಟು ಗಂಟೆಯಂತೆ ಹೆಚ್ಚುಕಡಿಮೆ ಒಂದು ವಾರದ ಕೂಲಿ. ಸಚಿವಾಲಯದ ಸಲಹೆಯನ್ನು ಅಕ್ಷರಶಃ ಪಾಲಿಸುವ ಬೆಳೆಗಾರ ವಾರಕ್ಕೊಮ್ಮೆ ಗ್ಯಾಸ್ಕೆಟ್ ಬದಲಿಸುತ್ತಾ ಕೂತರೆ ಕಾಡು ತಾನಾಗಿ ತೋಟದೊಳಗೆ ಬಂದು ಮಲಗುತ್ತದೆ.

ಕಾರಿನ ಮಾತೇ ಬೇರೆ, ಅದನ್ನು ಒಪ್ಪಲೇಬೇಕು. ಇ20ಗೆಂದೇ ತಯಾರಾದ ಇಂಜೆಕ್ಷನ್ ಕಾರಿನ ಹೊಗೆ ಪೈಪಿನಲ್ಲಿ ಆಮ್ಲಜನಕ ಮೂಸುವ ಸೆನ್ಸರ್ ಇದೆ. ಮಿಶ್ರಣ ತೆಳುವಾದರೆ, ಅಂದರೆ ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾದರೆ, ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಇಥೆನಾಲ್ ಆಕ್ಟೇನನ್ನೂ (ಎಂಜಿನ್ ಬಡಿತ ತಡೆಯುವ ಗುಣ) ಏರಿಸುತ್ತದೆ. ಗರಗಸದಲ್ಲಿ ಮೂಸಲು ಮೂಗಿಲ್ಲ. ಅದರ ಬುದ್ಧಿಯೆಲ್ಲ ಹಿತ್ತಾಳೆಯ ಎರಡು ಸ್ಕ್ರೂನಲ್ಲಿದೆ: ನಿಧಾನ ಓಟಕ್ಕೆ ಎಲ್, ಪೂರ್ತಿ ಓಟಕ್ಕೆ ಎಚ್. ಒಂದು ಕಿಲೋ ಶುದ್ಧ ಪೆಟ್ರೋಲ್ ಸುಡಲು 14.7 ಕಿಲೋ ಗಾಳಿ ಬೇಕು, ಇಥೆನಾಲಿಗೆ 9 ಸಾಕು, ಇ20ಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಶೇ. 8-9ರಷ್ಟು ಹೆಚ್ಚು ಇಂಧನ ಬರಬೇಕು. ಕಾರ್ಬೊರೇಟರಿನಲ್ಲಿ ಇಂಧನ ಬಿಡುವ ಜೆಟ್ಟಿನ ತೂತು ಹಳೆಯದೇ. ಹಾಗಾಗಿ ಮಿಶ್ರಣ ತೆಳುವಾಗುತ್ತದೆ, ತೆಳುವಾದದ್ದು ಬಿಸಿ ಏರುತ್ತದೆ, ಪ್ಲಗ್ ತೆಗೆದು ನೋಡಿದರೆ ಕಾಫಿ ಪುಡಿ ಬಣ್ಣ ಇರಬೇಕಾದಲ್ಲಿ ಸುಣ್ಣದ ಬಿಳುಪು. ಬೈಕಿನಲ್ಲಿ ಇಷ್ಟಕ್ಕೆ ಎಳೆತ ಕಡಿಮೆಯಾದರೆ ಮುಗಿಯಿತು. ಟೂ ಸ್ಟ್ರೋಕ್ ಗರಗಸದಲ್ಲಿ ಬೇರಿಂಗಿಗೂ ಪಿಸ್ಟನ್ನಿಗೂ ಎಣ್ಣೆ ಬರುವುದು ಇದೇ ಪೆಟ್ರೋಲಿನ ಜೊತೆ. ಇಂಧನ ಕಡಿಮೆ ಬಂದರೆ ಎಣ್ಣೆಯೂ ಕಡಿಮೆ. ಮೊದಲು ಹಿಡಿಯುವುದು, ಅಂದರೆ ಸಿಲಿಂಡರಿಗೆ ಕಚ್ಚಿಕೊಳ್ಳುವುದು, ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮಗ್ಗುಲು, ಅಲ್ಲೇ ಬಿಸಿ ಹೆಚ್ಚು. ಸೈಲೆನ್ಸರಿನ ಬೋಲ್ಟ್ ಬಿಚ್ಚಿ ತೂತಿನಲ್ಲಿ ಟಾರ್ಚ್ ಬಿಟ್ಟರೆ ಪಿಸ್ಟನ್ ಮೇಲೆ ಉದ್ದುದ್ದ ಗೀರು ಕಾಣುತ್ತದೆ. ಗೀರು ಕಂಡ ಮೇಲೆ ಕಾರ್ಬೊರೇಟರ್ ತೊಳೆಯುವುದು ಹೆಣಕ್ಕೆ ಎಣ್ಣೆಸ್ನಾನ.

ಇಲ್ಲೊಂದು ತಪ್ಪು ನಡೆಯುತ್ತದೆ. ಪಿಸ್ಟನ್ ಹಿಡಿಯುವ ಭಯಕ್ಕೆ ಕೆಲವರು 2ಟಿ ಆಯಿಲ್ ಜಾಸ್ತಿ ಸುರಿಯುತ್ತಾರೆ. ಎಣ್ಣೆ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಪೆಟ್ರೋಲಿನ ಪಾಲು ಇಳಿದು ಮಿಶ್ರಣ ಇನ್ನೂ ತೆಳುವಾಗುತ್ತದೆ. 50:1 ಎಂದರೆ ಲೀಟರಿಗೆ 20 ಮಿಲಿ, 25:1 ಎಂದರೆ 40 ಮಿಲಿ. ಕೈಪಿಡಿ ಯಾವುದು ಹೇಳಿದೆಯೋ ಅದು, ಅಳತೆ ಬಾಟಲಿಯಲ್ಲಿ. ಮುಚ್ಚಳದ ಅಂದಾಜು ಬೇಡ.

ಕೈಪಿಡಿ ಎಂದೊಡನೆ ನೆನಪಾಯಿತು. ಕೈಯಲ್ಲಿ ಸ್ಕ್ರೂ ತಿರುಗಿಸುವ ಕಾರ್ಬೊರೇಟರಿನ ಗರಗಸಗಳಿಗೆ ಸ್ಟಿಲ್, ಹಸ್ಕ್‌ವರ್ನಾದಂಥ ಕಂಪನಿಗಳ ಪುಸ್ತಕ ಶೇ. 10ಕ್ಕಿಂತ ಹೆಚ್ಚು ಮದ್ಯಸಾರ ಬೇಡ ಎನ್ನುತ್ತದೆ. ತಾನೇ ಹದ ಮಾಡಿಕೊಳ್ಳುವ ಎಂ-ಟ್ರಾನಿಕ್ ಮಾದರಿಗಳಿಗೆ ಶೇ. 20 ದಾಟಿದರೂ ಆದೀತು ಎಂದು ಸ್ಟಿಲ್ ಹೇಳುತ್ತದೆ. ಅವುಗಳ ಬೆಲೆಯೂ ದಾಟಿರುತ್ತದೆ. ಪುಸ್ತಕ ಹತ್ತು ದಾಟಬೇಡ ಅನ್ನುತ್ತದೆ, ಬಂಕು ಇಪ್ಪತ್ತಕ್ಕಿಂತ ಕಮ್ಮಿ ಕೊಡೆ ಅನ್ನುತ್ತದೆ. ಇಥೆನಾಲ್ ಇಲ್ಲದ ಪೆಟ್ರೋಲಿಗೂ ಅವಕಾಶವಿರಲಿ ಎಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಎರಡೇ ದಿನಕ್ಕೆ, 3ಕ್ಕೆ, ಇಲ್ಲಿ ಕೈಲ್ ಪೊಳ್ದ್, ಕೊಡವರ ಆಯುಧಪೂಜೆ ಹಬ್ಬ. ಕೋವಿಯ ಪಕ್ಕ ಗರಗಸವನ್ನೂ ಇಟ್ಟು ಗಂಧದ ಬೊಟ್ಟು ಹಚ್ಚಿದವರಿಗೆ ಉಳಿದ ದಾರಿ ಅದೊಂದೇ ಇತ್ತು.

ಪಿಸ್ಟನ್ ಹಿಡಿಯುವುದು ದೊಡ್ಡ ಸಾವು. ದಿನದಿನದ ಕಾಯಿಲೆ ಇರುವುದು ರಬ್ಬರಿನಲ್ಲಿ. ಗರಗಸವನ್ನು ಅಡ್ಡ, ಉದ್ದ, ತಲೆಕೆಳಗೆ ಹೇಗೆ ಹಿಡಿದರೂ ಓಡಬೇಕಲ್ಲ, ಅದಕ್ಕೆ ಬೈಕಿನಂತೆ ಫ್ಲೋಟ್ ಇರುವುದಿಲ್ಲ. ಅಂಚೆಚೀಟಿಯಷ್ಟು ಅಗಲದ ಎರಡು ತೆಳು ಪೊರೆಗಳಿವೆ. ಒಂದು ಪೆಟ್ರೋಲ್ ಎಳೆಯುವ ಪಂಪಿನದು, ಇನ್ನೊಂದು ಪೆಟ್ರೋಲ್ ಒಳಬಿಡುವ ಸೂಜಿಯ ಲಿವರ್ ಒತ್ತುವ ಡಯಾಫ್ರಾಂ. ಮದ್ಯಸಾರದಲ್ಲಿ ನೆನೆದು ಒಣಗಿ, ನೆನೆದು ಒಣಗಿ ಈ ಪೊರೆ ಹಪ್ಪಳವಾಗುತ್ತದೆ. ಒಳ್ಳೆಯ ಪೊರೆ ಬೆರಳಿಗೆ ಮೆತ್ತಗೆ ಬಾಗುತ್ತದೆ. ಕೆಟ್ಟದ್ದನ್ನು ಕಿವಿಯ ಬಳಿ ಮಡಿಸಿದರೆ ಚರಪರ ಸದ್ದು. ಗಡುಸಾದ ಪೊರೆ ಲಿವರನ್ನು ಪೂರ್ತಿ ಒತ್ತಲಾರದು, ಸೂಜಿ ಅರ್ಧ ತೆರೆಯುತ್ತದೆ, ಮತ್ತದೇ ತೆಳು ಮಿಶ್ರಣ. ಲಕ್ಷಣ ಗುರುತಿಸುವುದು ಸುಲಭ: ಚೋಕ್ ಹಾಕಿದಾಗ ಹತ್ತಿಕೊಳ್ಳುತ್ತದೆ, ಚೋಕ್ ಬಿಟ್ಟೊಡನೆ ಸಾಯುತ್ತದೆ. ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತದೆ. ಟ್ಯಾಂಕ್ ಖಾಲಿಯಾಗುತ್ತ ಬಂದಾಗ ತನ್ನಷ್ಟಕ್ಕೆ ಕಿರುಚುತ್ತದೆ, ಕೈ ಬಿಟ್ಟರೂ ಚೈನು ತಿರುಗುತ್ತಿರುತ್ತದೆ. ಈ ಕೊನೆಯದು ಕಂಡರೆ ಯಂತ್ರವನ್ನು ಮರದ ಮೇಲಿಂದ ಇಳಿಸಿ, ಆಮೇಲೆ ಮಾತು.

ಸ್ಟಾರ್ಟ್ ಮಾಡುವ ಮುಂಚೆ ಒತ್ತುವ ಪ್ರೈಮರ್ ಬಲ್ಬ್ ಮೊದಲು ಹಳದಿಯಾಗಿ ಅಂಟಂಟಾಗುತ್ತದೆ, ನಂತರ ಬಿರುಕು. ಟ್ಯಾಂಕಿನೊಳಗಿನ ಪೈಪು ಊದಿ ಮೆತ್ತಗಾಗಿ ಕೀಲಿನಿಂದ ಜಾರುತ್ತದೆ, ಇಲ್ಲವೆ ಒಡೆದು ಗಾಳಿ ಎಳೆಯುತ್ತದೆ. ಡಯಾಫ್ರಾಂ, ಸೂಜಿ, ಗ್ಯಾಸ್ಕೆಟ್, ಜಾಲರಿ ಸೇರಿದ ಕಾರ್ಬೊರೇಟರ್ ಕಿಟ್ ನೂರರ ಲೆಕ್ಕದಲ್ಲಿ ಸಿಗುತ್ತದೆ; ಸಿಲಿಂಡರ್-ಪಿಸ್ಟನ್ ಸಾವಿರದ ಲೆಕ್ಕ. ಮಳೆಗಾಲಕ್ಕೆ ಮುಂಚೆ ಕಿಟ್, ಪೈಪ್, ಟ್ಯಾಂಕಿನ ಫಿಲ್ಟರ್ ಮೂರನ್ನೂ ಒಟ್ಟಿಗೆ ಬದಲಿಸುವವನು ಬುದ್ಧಿವಂತ.

ಮಳೆಗಾಲ! ಇಥೆನಾಲಿಗೆ ನೀರೆಂದರೆ ತವರುಮನೆ. ಗಾಳಿಯ ತೇವವನ್ನು ಅದು ನಿಧಾನಕ್ಕೆ ಹೀರುತ್ತದೆ ನಿಜ. ಹೆಚ್ಚಿನ ನೀರು ಬರುವುದು ಸಡಿಲ ಮುಚ್ಚಳದ ಕ್ಯಾನಿನಿಂದ, ಒರೆಸದ ಆಲಿಕೆಯಿಂದ, ಜಗಲಿಯ ಮೇಲೆ ಅರ್ಧ ಖಾಲಿ ಇಟ್ಟ ಟ್ಯಾಂಕಿನ ಒಳಗೋಡೆಯ ಬೆವರಿನಿಂದ. ಇ10 ಆಗಿದ್ದರೆ ಲೀಟರಿಗೆ ಒಂದು ಟೀ ಚಮಚ, 5 ಮಿಲಿಯಷ್ಟು ನೀರಿಗೇ ಎರಡು ಪದರವಾಗಿ ಒಡೆಯುತ್ತದೆ. ಇ20 ಇನ್ನೂ ಸ್ವಲ್ಪ ತಡೆಯುತ್ತದೆ. ಒಡೆದಾಗ ಮಾತ್ರ ಅಡಿಯಲ್ಲಿ ಕೂರುವ ಪದರವೂ ದೊಡ್ಡದು. ಚಳಿ ಹೆಚ್ಚಿದಷ್ಟೂ ತಡೆಯುವ ಶಕ್ತಿ ಕಡಿಮೆ, ಮಡಿಕೇರಿಯ ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಮಳೆ ತಿಂಗಳು) ರಾತ್ರಿಗಳಿಗೆ ಇದು ಗೊತ್ತು. ಈಗ ನೋಡಿ ಮಜಾ: ಅಡಿಯ ಪದರದಲ್ಲಿ ನೀರೂ ಮದ್ಯಸಾರವೂ ಇರುತ್ತವೆ, 2ಟಿ ಆಯಿಲ್ ಪೆಟ್ರೋಲಿನ ಜೊತೆ ಮೇಲೆ ತೇಲುತ್ತದೆ. ಗರಗಸದ ಫಿಲ್ಟರಿಗೆ ಬೇಕೆಂದೇ ಭಾರ ಕಟ್ಟಿದ್ದಾರೆ, ಅದು ಸದಾ ತಳದಲ್ಲೇ ಬಿದ್ದಿರಲಿ ಎಂದು. ಎಣ್ಣೆಯ ಹನಿಯೂ ಇಲ್ಲದ ಗುಟುಕನ್ನು ಅದು ಆರಿಸಿ ಆರಿಸಿ ಕುಡಿಯುತ್ತದೆ. ಗಾಳಿಬೀಡಿನ ರಸ್ತೆಗೆ ಅಡ್ಡ ಮರ ಬಿದ್ದ ದಿನವೇ ಹಗ್ಗ ಎಳೆದು ಎಳೆದು ತೋಳು ಬೀಳುವುದಕ್ಕೆ ಕಾರಣ ಇಷ್ಟೇ.

ಅನುಮಾನವಿದ್ದರೆ ಪರೀಕ್ಷೆ ಮನೆಯಲ್ಲೇ ಆಗುತ್ತದೆ. 100 ಮಿಲಿ ಗಾಜಿನ ಅಳತೆ ಕೊಳವೆಗೆ 10 ಮಿಲಿ ನೀರು, ಒಂದು ಹನಿ ಶಾಯಿ, ಮೇಲೆ 100ರ ಗೆರೆಯವರೆಗೆ ಎಣ್ಣೆ ಬೆರೆಸದ ಪೆಟ್ರೋಲ್. ಮುಚ್ಚಿ ಕುಲುಕಿ, ಮಧ್ಯೆ ಮಧ್ಯೆ ಮುಚ್ಚಳ ಸಡಿಲಿಸಿ ಆವಿ ಬಿಡಿ, ಐದು ನಿಮಿಷ ಇಡಿ. ಒಲೆ, ಬೀಡಿ ಹತ್ತಿರ ಸುಳಿಯಬಾರದು. ಬಣ್ಣದ ಗೆರೆ 10ರಿಂದ 19ರ ಹತ್ತಿರಕ್ಕೆ ಏರಿದರೆ ಇ10. 28ರ ಹತ್ತಿರ ನಿಂತರೆ ಇ20.

ಇದನ್ನೇ ದೊಡ್ಡದು ಮಾಡಿ ಕ್ಯಾನ್‌ಗಟ್ಟಲೆ ಪೆಟ್ರೋಲನ್ನು ನೀರಲ್ಲಿ ತೊಳೆದು ಮದ್ಯ ಇಳಿಸುವ ಪಂಡಿತರೂ ಇದ್ದಾರೆ. ಬೆಲ್ಲ ಕೊಳೆಹಾಕಿ ಮದ್ಯ ತೆಗೆದರೆ ಅಬಕಾರಿಯವರು ಬರುತ್ತಾರೆ. ಪೆಟ್ರೋಲಿನಿಂದ ಮದ್ಯ ಕಳೆದರೆ ಯಾವ ಇಲಾಖೆ ಬರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಪಂಡಿತರು ಮರೆಯುವುದೇನೆಂದರೆ, ಮದ್ಯಸಾರದ ಜೊತೆ ಆಕ್ಟೇನೂ ಇಳಿದು ಹೋಗುತ್ತದೆ. ತೊಳೆದ ಪೆಟ್ರೋಲಿನಲ್ಲಿ ನೀರಿನ ಹನಿ ಉಳಿಯುತ್ತದೆ, ತೊಳೆದ ನೀರನ್ನು ಕಾಫಿ ಬುಡಕ್ಕೆ ಚೆಲ್ಲುವಂತಿಲ್ಲ, ಆವಿಗೆ ಒಂದು ಕಿಡಿ ಸಾಕು.

ನಡೆಯುವ ದಾರಿ ಸಪ್ಪೆಯದು. ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತಂದು ಎಣ್ಣೆ ಬೆರೆಸುವುದು. ತಿಂಗಳು ದಾಟಿದ ಮಿಶ್ರಣವನ್ನು ಯಂತ್ರಕ್ಕೆ ತೋರಿಸದಿರುವುದು. ಏರ್ ಫಿಲ್ಟರ್ ಶುಚಿ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಎಚ್ ಸ್ಕ್ರೂ ಎಡಕ್ಕೆ ಎಂಟನೇ ಒಂದು ಸುತ್ತು ಬಿಚ್ಚುವುದು. ಪೂರ್ತಿ ಥ್ರಾಟಲಿನಲ್ಲಿ ಕೊಯ್ಯದೆ ಹಿಡಿದಾಗ ಸದ್ದು ತುಸು ಒಡಕಾಗಿರಬೇಕು, ಮರಕ್ಕೆ ಇಳಿಸಿದಾಗ ತಿಳಿಯಾಗಬೇಕು. ಖಾಲಿ ಓಟದಲ್ಲೇ ಸಿಳ್ಳೆ ಹೊಡೆದಂತೆ ತಿಳಿಯಾಗಿದ್ದರೆ ಇನ್ನೂ ತೆಳು. ಒಂದು ವಾರಕ್ಕಿಂತ ಹೆಚ್ಚು ಇಡುವುದಾದರೆ ಟ್ಯಾಂಕ್ ಬಗ್ಗಿಸಿ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ, ಚೋಕ್ ಹಾಕಿ ಮತ್ತೆರಡು ಸಲ ಎಳೆದು, ಪ್ಲಗ್ ತೂತಿಗೆ ಒಂದು ಚಮಚ 2ಟಿ ಬಿಟ್ಟು, ನಿಧಾನಕ್ಕೆ ಮೂರು ಸಲ ಹಗ್ಗ ಎಳೆದು ಪ್ಲಗ್ ಹಾಕಿಡುವುದು. ಫೋರ್ ಸ್ಟ್ರೋಕ್ ನೀರಿನ ಪಂಪಿಗೆ ಪೆಟ್ರೋಲಿಗೆ ಎಣ್ಣೆ ಬೆರೆಸುವ ಚಿಂತೆಯಿಲ್ಲ, ಕಾರ್ಬೊರೇಟರ್ ಬಟ್ಟಲಿನ ತಳದ ಸ್ಕ್ರೂ ಬಿಚ್ಚಿ ಇಳಿಸಿದರೆ ಸಾಕು.

ವಾರಕ್ಕೆ ಬೇಕಾದಷ್ಟೇ ತರುವುದು ಎಂದೆವಲ್ಲ, ಅಲ್ಲಿದೆ ಕೊನೆಯ ತಮಾಷೆ. 'ಬಾಟಲಿ, ಕ್ಯಾನಿಗೆ ಪೆಟ್ರೋಲ್ ಕೊಡುವುದಿಲ್ಲ' ಎಂಬ ಬೋರ್ಡು ಬಂಕಿನಲ್ಲಿ ನೇತಾಡುತ್ತಿರುತ್ತದೆ.

"ಅಣ್ಣಾ, ಕಳೆ ಮಿಷನ್ನಿಗೆ ಎರಡು ಲೀಟರ್ ಬೇಕಿತ್ತು."

"ಮಿಷನ್ನೇ ತನ್ನಿ ಸಾರ್, ಟ್ಯಾಂಕಿಗೆ ಹಾಕಿ ಕೊಡ್ತೀನಿ."

"ಇದಕ್ಕೆ ಎಣ್ಣೆ ಬೆರೆಸಿಯೇ ಹಾಕಬೇಕು ಮಾರಾಯ!"

"ಹಂಗಾದ್ರೆ ಸ್ಕೂಟರ್ ತನ್ನಿ."

ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನ ವಿನಾಯಿತಿ ಇರುವ ಜಿಲ್ಲೆ ಇದು. ಹೆಗಲಿಗೆ ಕೋವಿ ಹಾಕಿ ನಡೆಯಬಹುದು, ಕೈಯಲ್ಲಿ ಎರಡು ಲೀಟರಿನ ಕ್ಯಾನ್ ಹಿಡಿದು ನಡೆದರೆ ಅನುಮಾನದ ಕಣ್ಣು. ಹೀಗಾಗಿ ಸ್ಕೂಟರಿಗೆ ತುಂಬಿಸಿ ಮನೆಯಲ್ಲಿ ಪೈಪ್ ಇಳಿಸುವ ಉಪಾಯ. ಟ್ಯಾಂಕಿನ ಬಾಯಿಗೆ ಜಾಲರಿ ಇದ್ದರೆ ಪೈಪ್ ಇಳಿಯುವುದಿಲ್ಲ. ಅದಕ್ಕೆಂದೇ ಶೆಡ್ಡಿನಲ್ಲಿ ಒಂದು ಹಳೆಯ ಕಾರ್ಬೊರೇಟರ್ ಸ್ಕೂಟರನ್ನು ಸಾಕಿಕೊಂಡವರಿದ್ದಾರೆ: ಬಂಕಿಗೆ ಹೋಗಿ ಬರುವುದು, ಕಾಕ್‌ನ ಪೈಪ್ ಕಿತ್ತು ಕ್ಯಾನಿಗೆ ಇಳಿಸುವುದು. ಕಿತ್ತು ಸಿಕ್ಕಿಸಿ, ಇ20ಯಲ್ಲಿ ನೆನೆದು ಆ ಪೈಪೂ ಈಗ ಊದಿಕೊಂಡಿದೆ. ಅದನ್ನು ಬದಲಿಸಲು ಸಚಿವಾಲಯದ ಲೆಕ್ಕದಲ್ಲಿ ಇನ್ನೂ ಸಮಯವಿದೆ. ಬಂಕಿಗೆ ಹೋಗಿಬರಲು ಎಂಟು ಕಿಲೋಮೀಟರ್, ವಾರಕ್ಕೊಂದು ಸಲ. 20,000 ತುಂಬಲು 48 ವರ್ಷ.